ಬೇಲಿಯನ್ನೇ ಮೇಯುವ ಹುಲ್ಲು

ನಮ್ಮ ತೋಟದ ಮೇಸ್ತ್ರಿಗೆ ಮೀಟರ್ ಬೇಕಿಲ್ಲ. ಆನೆ ತಡೆಯುವ ಐಬೆಕ್ಸ್ ಬೇಲಿಯ ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ನೋಡಬೇಕಾದರೆ ಬದುವಿನಿಂದ ಉದ್ದನೆಯ ಹಸಿ ಹುಲ್ಲುಕಡ್ಡಿಯೊಂದನ್ನು ಕಿತ್ತು, ತುದಿಯನ್ನು ತಂತಿಗೆ ತಾಗಿಸಿ, ಮೆಲ್ಲಗೆ ಮುಂದಕ್ಕೆ ತಳ್ಳುತ್ತಾ ಹೋಗುತ್ತಾರೆ. ಕೈಗೂ ತಂತಿಗೂ ನಡುವೆ ಇನ್ನೂ ಒಂದು ಗೇಣು ಇರುವಾಗಲೇ ಬೆರಳು ಚುರುಕ್ ಎಂದರೆ ‘ಜೋರೈತೆ ಸಾ’. ನಾಲ್ಕು ಬೆರಳಿನಷ್ಟು ಹತ್ತಿರ ಬಂದರೂ ಏನೂ ಆಗದಿದ್ದರೆ ಆ ರಾತ್ರಿ ಬೇಲಿಯನ್ನು ನಂಬುವಂತಿಲ್ಲ. ಈ ಪರೀಕ್ಷೆ ಸೋಲಾರ್ ಬೇಲಿಗೆ ಮಾತ್ರ. ಕಂಬದ ಲೈನಿನಿಂದ ಕದ್ದು ಕರೆಂಟು ಕೊಟ್ಟ ತಂತಿಗೆ ಹುಲ್ಲು ಹಿಡಿದವರು ಫಲಿತಾಂಶ ಹೇಳಲು ಉಳಿಯುವುದಿಲ್ಲ.

ಹುಲ್ಲಿನಲ್ಲಿ ಕರೆಂಟು ಹರಿಯುತ್ತದೆ ಎನ್ನುವುದು ಮೇಸ್ತ್ರಿಗೆ ಅನುಕೂಲ. ಬೇಲಿಗೆ ಅದೇ ಕಂಟಕ. ಸಕಲೇಶಪುರ, ಆಲೂರು ಕಡೆ ಬೇಲಿ ಹಾಕಿಸಲು ಎಷ್ಟಾಗುತ್ತದೆ ಎಂದು ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಈ ಹುಲ್ಲಿನ ಸಂಗತಿಯನ್ನೇ. ಗುತ್ತಿಗೆದಾರರು ಮೀಟರಿಗೆ ಇಂತಿಷ್ಟು ಎಂದು ದರ ಹೇಳಿಬಿಡುತ್ತಾರೆ. ಅದು ಜನವರಿ ಬೇಲಿಯ ದರ. ಪುನರ್ವಸು, ಪುಷ್ಯ ಮಳೆಯಲ್ಲಿ ನಿಂತಿರುವ ಬೇಲಿಯ ಲೆಕ್ಕವೇ ಬೇರೆ.

ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆಯ ಒಳಗೆ ನಡೆಯುವುದನ್ನು ಸ್ವಲ್ಪ ನೋಡೋಣ. ಬ್ಯಾಟರಿ ಕೊಡುವುದು ಬರೀ 12 ವೋಲ್ಟ್. ಒಳಗಿನ ಸರ್ಕ್ಯೂಟು ಅದನ್ನು ಐದಾರು ನೂರು ವೋಲ್ಟಿಗೆ ಏರಿಸಿ ಕೆಪಾಸಿಟರ್ ಎಂಬ ಡಬ್ಬಿಯಲ್ಲಿ ತುಂಬಿಸುತ್ತದೆ. ಸಣ್ಣ ನಲ್ಲಿಯಿಂದ ನಿಧಾನಕ್ಕೆ ತುಂಬಿ, ಗುಂಡಿ ಒತ್ತಿದಾಗ ಒಮ್ಮೆಲೇ ಭೋರೆಂದು ಸುರಿಯುವ ಫ್ಲಶ್ ಟ್ಯಾಂಕಿನ ರೀತಿ ಇದು. 20 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 600 ವೋಲ್ಟ್ ತುಂಬಿದರೆ ಅದರಲ್ಲಿ ಕೂರುವ ಶಕ್ತಿ 3.6 ಜೂಲ್. ಸುಮಾರು ಸೆಕೆಂಡಿಗೊಮ್ಮೆ ಎಲೆಕ್ಟ್ರಾನಿಕ್ ಸ್ವಿಚ್ಚೊಂದು ಅದನ್ನು ಟ್ರಾನ್ಸ್‌ಫಾರ್ಮರಿನ ಮೂಲಕ ಹೊರಕ್ಕೆ ಬಿಡುತ್ತದೆ. ಆಗ ತಂತಿಗೆ ಐದಾರು ಸಾವಿರ ವೋಲ್ಟಿನ ಒಂದು ಹೊಡೆತ. ಟಕ್. ಮತ್ತೆ ಮೌನ, ಮತ್ತೆ ಟಕ್.

ಈ ಹೊಡೆತಕ್ಕೆ ಅಂತಾರಾಷ್ಟ್ರೀಯ ಮಾನಕವೊಂದು ಮಿತಿ ಹಾಕಿದೆ, ಭಾರತೀಯ ಮಾನಕವೂ ಅದನ್ನೇ ಅನುಸರಿಸುತ್ತದೆ. ದೇಹದ ಬದಲಿಗೆ 500 ಓಮ್‌ನ ರೋಧ ಇಟ್ಟು ಅಳೆದಾಗ ಒಂದು ಹೊಡೆತದ ಶಕ್ತಿ 5 ಜೂಲ್ ದಾಟಬಾರದು. 5 ಜೂಲ್ ಎಂದರೆ ಅರ್ಧ ಕೆ.ಜಿ. ಬೆಲ್ಲದಚ್ಚು ಒಂದು ಮೀಟರ್ ಎತ್ತರದಿಂದ ಕಾಲ ಮೇಲೆ ಬಿದ್ದಷ್ಟು. ಅಷ್ಟಕ್ಕೆ ಆನೆ ಹೆದರುತ್ತದೆಯೇ? ಸಮಯವನ್ನು ಗಮನಿಸಿ. 5,000 ವೋಲ್ಟ್ 500 ಓಮ್‌ನಲ್ಲಿ ಹರಿದರೆ 10 ಆಂಪಿಯರ್, ಅಂದರೆ 50 ಕಿಲೋವ್ಯಾಟ್. ಆದರೆ ಅದು ಬಾಳುವುದು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ. ನರಗಳು ಕಿರುಚುತ್ತವೆ, ಹೃದಯದ ಬಡಿತ ತಪ್ಪುವಷ್ಟು ಹೊತ್ತು ಸಿಗುವುದಿಲ್ಲ. ಮನೆಯ 230 ವೋಲ್ಟ್ ಇದಕ್ಕೆ ತದ್ವಿರುದ್ಧ. ವೋಲ್ಟೇಜು ಕಡಿಮೆ, ಆದರೆ ಹರಿವು ನಿಲ್ಲುವುದೇ ಇಲ್ಲ. ಸ್ನಾಯು ಬಿಗಿದು, ಹಿಡಿದ ಕೈಯನ್ನು ಬಿಡಲು ಆಗುವುದಿಲ್ಲ. 2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆ ಶಿಬಿರದಲ್ಲಿ ದಸರಾ ಆನೆ ಅಶ್ವತ್ಥಾಮ ಸತ್ತಾಗ, ಸೋಲಾರ್ ಬೇಲಿಗೆ ವಿದ್ಯುತ್ ಲೈನಿನ ಕರೆಂಟು ಹರಿದದ್ದೇ ಕಾರಣವೆಂದು ವರದಿಗಳು ಬಂದವು. ತಂತಿ ಅದೇ, ಕಂಬ ಅದೇ, ಹರಿದ ಕರೆಂಟು ಬೇರೆ.

ಈ ಯಂತ್ರದ ತವರು ನ್ಯೂಜಿಲೆಂಡ್. 1930ರ ದಶಕದಲ್ಲಿ ಹ್ಯಾಮಿಲ್ಟನ್ ಬಳಿಯ ಬಿಲ್ ಗ್ಯಾಲಗರ್ ಎಂಬ ರೈತನ ಕುದುರೆ ಅವನ ಕಾರಿಗೆ ಮೈ ಉಜ್ಜುತ್ತಿತ್ತಂತೆ. ಅವನು ಕಾರಿಗೇ ಕರೆಂಟು ಕೊಟ್ಟು ಅದಕ್ಕೆ ಬುದ್ಧಿ ಕಲಿಸಿದ. ಬೇಲಿಯ ಉದ್ಯಮ ಬೆಳೆದದ್ದು ಅಲ್ಲಿಂದ. ಆದರೆ ಹಳೆಯ ಯಂತ್ರಗಳದ್ದೆಲ್ಲ ಒಂದೇ ರೋಗ: ಒದ್ದೆ ಹುಲ್ಲು ತಂತಿಗೆ ತಾಗಿತೋ, ಬೇಲಿ ಮಲಗಿತು. ನ್ಯೂಜಿಲೆಂಡೂ ಮಳೆಯ ನಾಡು, ಹುಲ್ಲಿನ ನಾಡು. 1962ರಲ್ಲಿ ಡಗ್ ಫಿಲಿಪ್ಸ್ ಎಂಬಾತ ಕೆಪಾಸಿಟರಿನಿಂದ ಒಮ್ಮೆಲೇ ಸುರಿಯುವ ಈಗಿನ ವಿಧಾನ ಕಂಡುಕೊಂಡದ್ದು ಆ ಹುಲ್ಲಿನ ಕಾಟಕ್ಕೇ. ಹುಲ್ಲು ತನ್ನ ಪಾಲು ಕುಡಿದ ಮೇಲೂ ಒಂದಿಷ್ಟು ಉಳಿಯಲಿ ಎಂಬ ಉಪಾಯ. ಆ ಯಂತ್ರದ ಒಂದು ಬ್ರ್ಯಾಂಡಿನ ಹೆಸರೇ ನಮ್ಮ ಮಲೆನಾಡಿನಲ್ಲಿ ಬೇಲಿಯ ಹೆಸರಾಗಿ ನಿಂತಿದೆ. ಯಾವ ಕಂಪನಿಯದಾದರೂ ಅದು ‘ಐಬೆಕ್ಸ್’.

ಆದರೆ ಉಪಾಯಕ್ಕೂ ಒಂದು ಮಿತಿ ಇದೆ. ಮಳೆಯಲ್ಲಿ ನೆಂದ ಒಂದು ಎಸಳು ಹುಲ್ಲಿನ ರೋಧ 50,000 ಓಮ್ ಎಂದಿಟ್ಟುಕೊಳ್ಳಿ. ಒಂದು ಎಸಳು ಲೆಕ್ಕಕ್ಕೇ ಇಲ್ಲ. ಅಂಥ ನೂರು ಎಸಳು ತಂತಿಗೆ ತಾಗಿದರೆ ಒಟ್ಟು ರೋಧ ನೂರು ಪಟ್ಟು ಇಳಿದು 500 ಓಮ್ ಆಗುತ್ತದೆ. ಮಾನಕದಲ್ಲಿ ಒಂದು ದೇಹಕ್ಕೆ ಕೊಟ್ಟ ಲೆಕ್ಕವೂ ಅಷ್ಟೇ! ಅಂದರೆ ನಿಜವಾದ ಆನೆ ಬರುವ ಮೊದಲೇ, ಹುಲ್ಲಿನಿಂದಾದ ಒಂದು ಆನೆ ಬೇಲಿಗೆ ಸೊಂಡಿಲು ಇಟ್ಟು ನಿಂತಿರುತ್ತದೆ, ಹಗಲೂ ರಾತ್ರಿ. ನಿಜವಾದದ್ದು ಬಂದಾಗ ಇದ್ದುದರಲ್ಲಿ ಎರಡು ಪಾಲು. ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆ, ಹೆತ್ತೂರು, ಬಿಸಿಲೆ ಕಡೆ ಅದಕ್ಕೂ ಎಷ್ಟೋ ಹೆಚ್ಚು. ಅಲ್ಲಿ ನೂರು ಎಸಳು ತಂತಿ ಮುಟ್ಟಲು ಎರಡು ವಾರ ಸಾಕು. ಬೇಲಿಯೇ ಎದ್ದು ಹೊಲ ಮೇಯಿತು ಎಂಬ ಗಾದೆಯನ್ನು ನಾವು ತಿರುಗಿಸಿಕೊಳ್ಳಬೇಕು. ಇಲ್ಲಿ ಹೊಲದ ಹುಲ್ಲೇ ಬೇಲಿಯನ್ನು ಮೇಯುತ್ತದೆ.

ಅದೇ ಹೊತ್ತಿಗೆ ಸೂರ್ಯನೂ ರಜೆ ಹಾಕುತ್ತಾನೆ. ಯಂತ್ರ ಗಂಟೆಗೆ 5 ವ್ಯಾಟ್‌ಅವರ್ ತಿಂದರೆ ದಿನಕ್ಕೆ 120. ಜನವರಿಯಲ್ಲಿ 40 ವ್ಯಾಟಿನ ಪ್ಯಾನೆಲ್ ಐದು ಗಂಟೆ ಒಳ್ಳೆಯ ಬಿಸಿಲು ಕಂಡರೆ 200 ಕೊಡುತ್ತದೆ. ಖರ್ಚು ಕಳೆದು ಮಿಗುತ್ತದೆ. ಜಡಿಮಳೆಯ ದಿನ ಒಂದು ಗಂಟೆ ಬಿಸಿಲಿನಷ್ಟು ಬೆಳಕು ಬಿದ್ದರೆ ಸಿಗುವುದು 40. ಹೀಗೆ ಹತ್ತು ದಿನ ನಡೆದರೆ ಬ್ಯಾಟರಿ ಬತ್ತುತ್ತದೆ, ಮತ್ತು ಅರೆಹೊಟ್ಟೆಯಲ್ಲಿ ಬಿಟ್ಟ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಗಟ್ಟಿ ಹರಳು ಕಟ್ಟಿ ಅದರ ಆಯಸ್ಸೇ ಕುಗ್ಗುತ್ತದೆ. ಹಲಸು ಹಣ್ಣಾಗಿ ಉದುರಿ, ಆನೆಗಳ ಮೂಗಿಗೆ ತೋಟದ ದಾರಿ ಎರಡು ಮೈಲಿಯಿಂದಲೇ ಗೊತ್ತಾಗುವ ಕಾಲ ಇದೇ. ಬೇಲಿ ಅತ್ಯಂತ ದುರ್ಬಲವಾಗಿರುವಾಗ ಹಣ್ಣು ಅತ್ಯಂತ ಘಮಘಮಿಸುತ್ತದೆ. ಬೇಸಿಗೆಯ ಕಥೆ ಇನ್ನೊಂದು. ಹುಲ್ಲು ಒಣಗಿರುತ್ತದೆ, ಸೋರಿಕೆ ಇರುವುದಿಲ್ಲ, ಆದರೆ ಮಣ್ಣೂ ಒಣಗಿ ಅರ್ಥಿಂಗ್ ಕೆಡುತ್ತದೆ. ಆನೆಯ ಕಾಲಿನಿಂದ ಪೆಟ್ಟಿಗೆಗೆ ಕರೆಂಟು ಮರಳಬೇಕಾದ ದಾರಿಯೇ ಕಟ್ಟಾಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ತಂತಿ ಹಿಡಿದು ಪೆಟ್ಟಿಗೆಗೇ ಬಂದರೆ ಅಲ್ಲಿಗೆ ಮುಗಿಯಿತು.

ತಂತಿಯ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ‘ಜಿಐ’ ಎಂದು ಕೇಳಿದರೆ ಎಲ್ಲ ಸುರುಳಿಗಳೂ ಬೆಳ್ಳಗೆ ಹೊಳೆಯುತ್ತವೆ. ಉಕ್ಕಿನ ಮೇಲೆ ಬಳಿದ ಸತುವು ಎಷ್ಟು ದಪ್ಪ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ. ಚದರ ಮೀಟರಿಗೆ 60 ಗ್ರಾಂ ಸತುವು ಎಂದರೆ 8 ಮೈಕ್ರಾನ್ ಚಿಲ್ಲರೆ. 240 ಗ್ರಾಂ ಎಂದರೆ ಸುಮಾರು 34 ಮೈಕ್ರಾನ್. ಸತುವು ತಾನು ಮೊದಲು ಕರಗಿ ಉಕ್ಕನ್ನು ಕಾಯುತ್ತದೆ. ಎಷ್ಟು ಬೇಗ ಕರಗುತ್ತದೆ ಎನ್ನುವುದು ತಂತಿ ವರ್ಷಕ್ಕೆ ಎಷ್ಟು ಗಂಟೆ ಒದ್ದೆ ಇರುತ್ತದೆ ಎಂಬುದರ ಮೇಲೆ. ಐಎಸ್‌ಒ 9223 ಎಂಬ ಮಾನಕದ ಪ್ರಕಾರ ಗಾಳಿಯ ತೇವಾಂಶ ಶೇ 80 ದಾಟಿದರೆ ಲೋಹ ಒದ್ದೆಯೇ, ಮಳೆ ಬೀಳಬೇಕೆಂದಿಲ್ಲ, ಮಂಜೂ ಸಾಕು. ಮಂಜರಾಬಾದ್ ಕೋಟೆಯ ಹೆಸರಿನಲ್ಲೇ ಮಂಜು ಇದೆ ಎನ್ನುವವರ ಊರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗಿನ 3,600ಕ್ಕೂ ಹೆಚ್ಚು ಗಂಟೆಗಳಲ್ಲಿ ತಂತಿ ಒಣಗುವುದು ಎಷ್ಟು ಹೊತ್ತು?

ಒಂದು ಸಮಾಧಾನವಿದೆ. ಘಟ್ಟದ ಕೆಳಗೆ ಮಂಗಳೂರಿನ ಕಡಲಂಚಿನ ಮನೆಯ ಬೇಲಿಗೆ ಈ ತೇವದ ಜೊತೆ ಉಪ್ಪೂ ಸೇರುತ್ತದೆ. ಅಂಥಲ್ಲಿ ಸತುವು ವರ್ಷಕ್ಕೆ ಐದಾರು ಮೈಕ್ರಾನ್ ಸವೆಯಬಹುದು. ನಾವು ಕಡಲಿನಿಂದ ನೇರ ಗೆರೆಯಲ್ಲಿ ನೂರು ಕಿ.ಮೀ. ದೂರ, ಒಂಬೈನೂರು ಮೀಟರ್ ಮೇಲೆ. ಉಪ್ಪು ಇಷ್ಟು ದೂರ ಬರುವುದಿಲ್ಲ. ವರ್ಷಕ್ಕೆ 2 ಮೈಕ್ರಾನ್ ಎಂದು ಹಿಡಿದರೆ ತೆಳು ಲೇಪದ ತಂತಿ ನಾಲ್ಕು ವರ್ಷ, ದಪ್ಪ ಲೇಪದ್ದು ಸುಮಾರು ಹದಿನೇಳು ವರ್ಷ. ಹತ್ತು ಎಕರೆ ಚೌಕ ತೋಟದ ಸುತ್ತಳತೆ 805 ಮೀಟರ್. ಎರಡೂವರೆ ಮಿ.ಮೀ. ತಂತಿ ಐದು ಸಾಲು ಎಳೆದರೆ 155 ಕೆ.ಜಿ. ಒಳ್ಳೆಯ ತಂತಿಗೆ ಕಿಲೋಗೆ 20 ರೂಪಾಯಿ ಹೆಚ್ಚು ಕೊಟ್ಟರೂ ಹೆಚ್ಚುವರಿ 3,100 ರೂಪಾಯಿ. ಇಷ್ಟಕ್ಕೆ ಚೌಕಾಸಿ ಮಾಡಿ ತೆಳು ಲೇಪದ ತಂತಿ ತಂದವರಲ್ಲಿ ನಾನೂ ಒಬ್ಬ. ಅದರ ಮೇಲೆ ಅದನ್ನು ಎರಡು ತಿಂಗಳು ಗೋದಾಮಿನ ಮೂಲೆಯಲ್ಲಿ, ಗಾಳಿಯಾಡದ ಕಡೆ, ಮಳೆಗಾಲದಲ್ಲಿ ಇಟ್ಟೆ. ಸುರುಳಿ ಬಿಚ್ಚಿದಾಗ ಬೂಷ್ಟು ಹಿಡಿದಂತೆ ಬಿಳಿ ಪುಡಿ. ಸತುವು ಬೇಲಿ ಏರುವ ಮೊದಲೇ ಸವೆಯಲು ಶುರುಮಾಡಿತ್ತು.

ಕಂಬದಲ್ಲಿ ಉಳಿಸುವ ಆಸೆಯೂ ಹಾಗೇ. ಸಿಲ್ವರ್ ಓಕ್, ಹಾಲುವಾಣ ಮರಗಳಿಗೇ ಇನ್ಸುಲೇಟರ್ ಹೊಡೆದರೆ ಕಂಬದ ಖರ್ಚಿಲ್ಲ ನಿಜ. ಮರ ದಪ್ಪವಾಗುತ್ತಾ ಇನ್ಸುಲೇಟರನ್ನೇ ನುಂಗುತ್ತದೆ, ತಂತಿ ಒದ್ದೆ ತೊಗಟೆಗೆ ತಾಗುತ್ತದೆ, ಕತ್ತಲಲ್ಲಿ ಅಲ್ಲಿ ಟಕ್ ಟಕ್ ಎಂದು ನೀಲಿ ಕಿಡಿ ಹಾರುತ್ತದೆ. ಸೋರಿಕೆ ಹುಡುಕಲು ಆ ಶಬ್ದಕ್ಕಿಂತ ಒಳ್ಳೆಯ ಉಪಕರಣ ನನಗೆ ಗೊತ್ತಿಲ್ಲ.

ಈಗ ಕತ್ತಿಯ ಲೆಕ್ಕ. 805 ಮೀಟರ್ ಬೇಲಿಯಡಿ ಸವರಲು ನಮ್ಮಲ್ಲಿ ಎರಡು ಆಳಿಗೆ ಒಂದು ದಿನ ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಎಂಟು ಸಲ, ಅಂದರೆ 16 ಆಳು. ದಿನಗೂಲಿ 600 ಎಂದರೂ ವರ್ಷಕ್ಕೆ 9,600. ಹತ್ತು ವರ್ಷಕ್ಕೆ 96,000. ಅರಣ್ಯ ಇಲಾಖೆಯ ಸಹಾಯಧನ ಕಂಬಕ್ಕೆ, ತಂತಿಗೆ, ಪೆಟ್ಟಿಗೆಗೆ. ಕತ್ತಿಗೆ ಸಹಾಯಧನ ಕೊಟ್ಟದ್ದನ್ನು ನಾನು ಕಂಡಿಲ್ಲ. ಮಳೆಗಾಲದಲ್ಲಿ ಆಳು ಸಿಗುವುದೇ ಪುಣ್ಯ, ಸಿಕ್ಕವರನ್ನು ಮೊದಲು ಕಾಫಿಗೆ ಹಾಕುತ್ತೇವೆ, ಬೇಲಿ ನಾಳೆಗೆ. ನನ್ನ ಕಣ್ಣೆದುರು ಸತ್ತ ಬೇಲಿಗಳೆಲ್ಲ ಆ ‘ನಾಳೆ’ಯಲ್ಲಿ ಸತ್ತಿವೆ.

ಆನೆಯ ಕಡೆಯಿಂದಲೂ ನೋಡಬೇಕಲ್ಲ. ಸೊಂಡಿಲಿನ ತುದಿ ಒದ್ದೆ, ನರಗಳ ಗೊಂಚಲು. ಅಲ್ಲಿಗೆ ತಾಗಿದರೆ ಆನೆ ಹೌಹಾರುತ್ತದೆ. ದಂತ ಹಾಗಲ್ಲ, ಅದರಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಸಲಗಗಳು ಇದನ್ನು ಕಂಡುಕೊಂಡಿವೆ. ದಂತಕ್ಕೆ ತಂತಿ ಸಿಕ್ಕಿಸಿ ಎಳೆಯುತ್ತವೆ, ಕಂಬವನ್ನು ಕಾಲಿನಿಂದ ಒದೆಯುತ್ತವೆ, ಬೇಲಿಯ ಮೇಲೆ ಮರ ಉರುಳಿಸಿ ದಾಟುತ್ತವೆ. ಅದಕ್ಕೇ ಈಗ ಎತ್ತರದಿಂದ ತಂತಿಗಳನ್ನು ಜೋಲು ಬಿಡುವ ಟೆಂಟಕಲ್ ಬೇಲಿ ಬಂದಿದೆ. ಕಂಬ ಆನೆಗೆ ಎಟಕುವುದಿಲ್ಲ, ಹುಲ್ಲೂ ಅಷ್ಟು ಸುಲಭಕ್ಕೆ ತಂತಿಗೆ ಎಟಕುವುದಿಲ್ಲ. ಕಂದಕ ತೋಡಿದರೆ ನಮ್ಮ ಮಳೆಗೆ ಎರಡು ವರ್ಷದಲ್ಲಿ ಅಂಚು ಕುಸಿದು ಇಳಿಜಾರಾಗುತ್ತದೆ. ಹಳೆಯ ರೈಲು ಹಳಿಗಳ ಬ್ಯಾರಿಕೇಡಿಗೆ ಹುಲ್ಲಿನ ಭಯವಿಲ್ಲ, ಆದರೆ ಕಿಲೋಮೀಟರಿಗೆ ಕೋಟಿ ರೂಪಾಯಿ ಮೀರುತ್ತದೆ. ಅದನ್ನೂ ಹತ್ತಿ ದಾಟಲು ಹೋದ ಸಲಗವೊಂದು 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ಅಂಚಿನಲ್ಲಿ ಹಳಿಗಳ ನಡುವೆ ಸಿಕ್ಕಿ ಸತ್ತಿತು.

ಖರ್ಚು ಇಳಿಸುವ ದಾರಿ ಒಂದಿದೆ, ಅದು ರೇಖಾಗಣಿತದ್ದು. ಪಕ್ಕಪಕ್ಕದ ನಾಲ್ವರು ತಲಾ ಹತ್ತು ಎಕರೆಗೆ ಬೇರೆಬೇರೆ ಬೇಲಿ ಹಾಕಿದರೆ 3,220 ಮೀಟರ್. ನಾಲ್ಕೂ ಸೇರಿಸಿ ನಲವತ್ತು ಎಕರೆಗೆ ಒಂದೇ ಬೇಲಿ ಎಳೆದರೆ 1,610, ಸರಿಯಾಗಿ ಅರ್ಧ. ತಂತಿ ಅರ್ಧ, ಹುಲ್ಲು ಅರ್ಧ. ಆದರೆ ಯಾರ ಪಾಲಿನ ಹುಲ್ಲನ್ನು ಯಾರು ಕೊಯ್ಯಬೇಕು ಎನ್ನುವುದಕ್ಕೆ ರೇಖಾಗಣಿತದಲ್ಲಿ ಉತ್ತರವಿಲ್ಲ. ಅಣ್ಣತಮ್ಮಂದಿರೇ ಮಾತು ಬಿಟ್ಟ ಬೇಲಿಗಳು ನಮ್ಮ ಹೋಬಳಿಯಲ್ಲಿವೆ.

ಇಷ್ಟೆಲ್ಲ ಮಾಡಿದರೂ ಇಲ್ಲಿ ಇನ್ನೊಂದು ತೊಡಕು. ಬಂಡೀಪುರದಂಥ ಕಡೆ ಬೇಲಿಯ ಆಚೆ ಕಾಡು, ಈಚೆ ಊರು. ಆಲೂರು, ಸಕಲೇಶಪುರದಲ್ಲಿ ಆನೆಗಳು ಇರುವುದೇ ಕಾಫಿ ತೋಟಗಳ ನಡುವೆ, ತುಂಡುತುಂಡು ಕಾಡುಗಳಲ್ಲಿ, ಹೇಮಾವತಿ ಹಿನ್ನೀರಿನ ಸುತ್ತ. ಹೈಕೋರ್ಟ್ ಆದೇಶದಂತೆ ರಚನೆಯಾದ, ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ಇಲ್ಲಿನ ಆನೆಗಳನ್ನು ಹಿಡಿದು ಸಾಗಿಸಿ ಎಂದೇ ಹೇಳಿತು. 2014ರಲ್ಲಿ 22 ಆನೆಗಳನ್ನು ಹಿಡಿದರು. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಬಂದವು. 2023ರ ಡಿಸೆಂಬರ್ 4ರಂದು ಅಂಥದೇ ಕಾರ್ಯಾಚರಣೆಯಲ್ಲಿ ಯಸಳೂರು ವಲಯದಲ್ಲಿ ದಸರಾ ಆನೆ ಅರ್ಜುನ ಸತ್ತ. ಇಂಥ ಕಡೆ ನನ್ನ ಹತ್ತು ಎಕರೆಗೆ ಗಟ್ಟಿ ಬೇಲಿ ಹಾಕಿದರೆ ಆನೆ ಹೋಗುವುದು ಕಾಡಿಗಲ್ಲ, ಪಕ್ಕದವರ ಗದ್ದೆಗೆ. ಅವರೂ ಹಾಕಿದರೆ ರಸ್ತೆಗೆ, ಶಾಲೆಗೆ ಹೋಗುವ ಮಕ್ಕಳ ಎದುರಿಗೆ.

ಹೀಗಾಗಿ ನಾವು ಬೇಲಿಯನ್ನು ಕುಗ್ಗಿಸಿದೆವು. ಈಗ ಅದು ಇರುವುದು ಮನೆ, ಕಣ, ಆಳುಗಳ ಲೈನ್ ಮನೆಗಳ ಸುತ್ತ ಮಾತ್ರ: ಅರ್ಧ ಎಕರೆ, 180 ಮೀಟರ್. ಅಷ್ಟರ ಹುಲ್ಲನ್ನು ಮೇಸ್ತ್ರಿ ಒಬ್ಬರೇ ಬೆಳಗಿನ ತಿಂಡಿಗೆ ಮೊದಲು ಸವರಿ ಮುಗಿಸುತ್ತಾರೆ. ಸಂಜೆ ಗೇಣುದ್ದದ ಹುಲ್ಲುಕಡ್ಡಿ ಹಿಡಿದು ಒಂದು ಸುತ್ತು ಹಾಕುತ್ತಾರೆ. ತೋಟದ ಮೇಲುಗಡೆಯ ಕಬ್ಬಿಣದ ಗೇಟನ್ನು ಆನೆಗಳು ಎರಡು ಸಲ ಮುರಿದಿದ್ದವು. ರಿಪೇರಿಗೆ ಕೊಟ್ಟ ದುಡ್ಡಿನ ನೆನಪು ಇನ್ನೂ ಹಸಿಯಾಗಿದೆ. ಹಲಸಿನ ಕಾಲದಲ್ಲಿ ಈಗ ಅದನ್ನು ತೆರೆದೇ ಇಡುತ್ತೇವೆ.