ಗಣಕದ ಲೆಕ್ಕ, ಮೇಜಿನ ಅಳತೆ: ರೇಡಿಯೋ ಆಂಪ್ಲಿಫೈಯರ್ ತಯಾರಿಕೆಯಲ್ಲಿ ತಾಳೆ ನೋಡುವ ಕ್ರಮ

ಪುಸ್ತಕದ ಲೆಕ್ಕಕ್ಕೂ ಕೈಯಲ್ಲಿರುವ ಸರಕಿಗೂ ವ್ಯತ್ಯಾಸ ಬರುವುದು ವರ್ತಕರಿಗೆ ಹೊಸದಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗಿದಂತೆ ತೂಕ ಇಳಿಯುತ್ತದೆ. ರಾಣೆಬೆನ್ನೂರಿನ ಬೀಜದ ಪೊಟ್ಟಣದ ಮೇಲೆ ಮುದ್ರಿಸಿದ ಮೊಳಕೆಯ ಪ್ರಮಾಣ ಹೊಲದಲ್ಲಿಯೂ ಬಂದೇ ಬರುವುದೆಂಬ ಖಾತ್ರಿಯಿಲ್ಲ. ಇಂತಹುದೇ ತೊಡಕು ರೇಡಿಯೋ ಆಂಪ್ಲಿಫೈಯರ್ ತಯಾರಿಕೆಯಲ್ಲಿಯೂ ಇದೆ. ಹಾವೇರಿ, ರಾಣೆಬೆನ್ನೂರುಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಯುವಕರು ಇಂತಹ ಘಟಕ ಆರಂಭಿಸಲು ಮುಂದೆ ಬಂದರೆ, ಬಂಡವಾಳ ಹೂಡುವವರು ಇದನ್ನು ಅರಿತಿರುವುದು ಅವಶ್ಯ.

ಆಂಪ್ಲಿಫೈಯರ್ ವಿನ್ಯಾಸವನ್ನು ಮೊದಲು ಗಣಕಯಂತ್ರದಲ್ಲಿ ಪರೀಕ್ಷಿಸುವುದು ರೂಢಿ. 1973ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಹೊರಬಂದ ಸ್ಪೈಸ್ ತಂತ್ರಾಂಶ ಈ ಪದ್ಧತಿಗೆ ಬುನಾದಿ ಹಾಕಿತು. ಗಣಕವು 20 ಡೆಸಿಬಲ್ ವರ್ಧನೆ ತೋರಿಸಿ, ತಯಾರಾದ ಬೋರ್ಡಿನಲ್ಲಿ 17 ಮಾತ್ರ ಬಂದರೆ ಕೊರತೆ ಅಲ್ಪವೆನಿಸೀತು. ಆದರೆ 3 ಡೆಸಿಬಲ್ ಕಡಿಮೆಯೆಂದರೆ ಶಕ್ತಿ ಅರ್ಧಕ್ಕಿಳಿಯಿತೆಂದೇ ಅರ್ಥ. 10 ವ್ಯಾಟ್‌ಗೆ ಒಪ್ಪಂದ ಮಾಡಿಕೊಂಡವರು 5 ವ್ಯಾಟ್ ಸರಕು ಕೊಟ್ಟರೆ ಅದು ತಿರಸ್ಕೃತವಾಗುತ್ತದೆ.

ನಗದು ಪುಸ್ತಕವನ್ನು ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡುವಂತೆ ಇಲ್ಲಿಯೂ ಬಾಬುವಾರು ಪರಿಶೀಲನೆ ನಡೆಯಬೇಕು.

1. ಅಳತೆ: ಮೊದಲು ಮಾಪಕವನ್ನೇ ಪರೀಕ್ಷಿಸಬೇಕು. ಪರೀಕ್ಷಾ ಕೇಬಲ್ಲಿನ 1 ಡೆಸಿಬಲ್ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಶಕ್ತಿ ಐದನೇ ಒಂದು ಭಾಗದಷ್ಟು ಕಡಿಮೆ ಕಾಣುತ್ತದೆ.

2. ವಿದ್ಯುತ್ ಪೂರೈಕೆ: ಟ್ರಾನ್ಸಿಸ್ಟರಿಗೆ ದೊರೆಯುವ ವೋಲ್ಟೇಜ್ ಹಾಗೂ ಕರೆಂಟ್ ಗಣಕದಲ್ಲಿ ನಮೂದಿಸಿದಷ್ಟೇ ಇವೆಯೇ ಎಂದು ನೋಡಬೇಕು.

3. ಬಿಡಿಭಾಗಗಳು: ಗಣಕದ ಕೆಪಾಸಿಟರಿಗೆ ಕಾಲುಗಳಿಲ್ಲ, ನಿಜವಾದುದಕ್ಕೆ ಇವೆ. ಒಂದು ಮಿಲಿಮೀಟರ್ ತಂತಿಗೆ ಸುಮಾರು 1 ನ್ಯಾನೋಹೆನ್ರಿ ಇಂಡಕ್ಟನ್ಸ್ ಇರುತ್ತದೆ. ಅದರಂತೆ 10 ಮಿಲಿಮೀಟರ್ ತಂತಿಯು 150 ಮೆಗಾಹರ್ಟ್ಸ್‌ನಲ್ಲಿ ಸುಮಾರು 9 ಓಮ್ ಅಡ್ಡಿಯೊಡ್ಡುತ್ತದೆ. ಪವರ್ ಟ್ರಾನ್ಸಿಸ್ಟರಿನ ಇನ್‌ಪುಟ್ ಇಂಪೀಡೆನ್ಸ್ ಕೆಲವೇ ಓಮ್‌ಗಳಾಗಿರಬಹುದಾದ್ದರಿಂದ ಇದು ದೊಡ್ಡ ಮೊತ್ತವೇ ಸರಿ. ಇದನ್ನು ಗಣಕದ ಚಿತ್ರದಲ್ಲಿ ಸೇರಿಸಿ ಮತ್ತೆ ಲೆಕ್ಕ ಹಾಕಬೇಕು.

4. ಮಾದರಿಯ ಮಿತಿ: ಸಣ್ಣ ಸಂಕೇತಕ್ಕೆಂದು ಕೊಟ್ಟ ಅಂಕಿಗಳು ಪೂರ್ಣ ಶಕ್ತಿಗೆ ಅನ್ವಯಿಸುವುದಿಲ್ಲ. ಶಕ್ತಿ ಏರಿ ಟ್ರಾನ್ಸಿಸ್ಟರ್ ಕಾದಂತೆ ವರ್ಧನೆ ಕುಗ್ಗುತ್ತದೆ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲಿತಾಂಶವನ್ನು ಬರೆದಿಡುವುದು ಕಡ್ಡಾಯ. ಎರಡನ್ನು ಒಟ್ಟಿಗೆ ಬದಲಿಸಿದರೆ ಕಾರಣ ಯಾವುದೆಂದು ತಿಳಿಯದು.

1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್‌ನಂತಹ ಬೃಹತ್ ಉದ್ಯಮದ ಬಂಡವಾಳ ಸಣ್ಣ ಘಟಕಕ್ಕೆ ಇರುವುದಿಲ್ಲ. ಆದುದರಿಂದ ಯೋಜನಾ ವರದಿಯಲ್ಲಿಯೇ ಎರಡು ಮೂರು ಸುತ್ತಿನ ಮಾದರಿ ಬೋರ್ಡುಗಳು, ಪ್ರಯೋಗಾಲಯದ ಶುಲ್ಕ ಮತ್ತು ಅದಕ್ಕೆ ತಗಲುವ ತಿಂಗಳುಗಳ ಬಡ್ಡಿಯನ್ನು ತೋರಿಸತಕ್ಕದ್ದು. ಅಳತೆ ತಾಳೆಯಾಗುವ ಮುನ್ನ ಸಗಟು ಖರೀದಿಗೆ ಮುಂಗಡ ಕೊಡುವುದು ಸರ್ವಥಾ ಉಚಿತವಲ್ಲ.