ಆಬರ್ನ್ ಬೀದಿಯ ಆರು ವರ್ಷದ ಹುಡುಗ

ಅಟ್ಲಾಂಟಾ ನಗರದ ಆಬರ್ನ್ ಅವೆನ್ಯೂವನ್ನು ಚಿಕ್ಕ ಮಕ್ಕಳ ಜೊತೆ ನೋಡುವುದಾದರೆ ಪಶ್ಚಿಮದ ಕಡೆಯಿಂದ ಹೊರಟು ಪೂರ್ವಕ್ಕೆ ನಡೆಯಬೇಕು. ಹಾಗೆ ನಡೆದರೆ ಮಾರ್ಟಿನ್ ಲೂಥರ್ ಕಿಂಗ್ ಅವರ ಸಮಾಧಿ ಮೊದಲು ಸಿಗುತ್ತದೆ, ಹುಟ್ಟಿದ ಮನೆ ಆಮೇಲೆ. ಕ್ರಮ ತಿರುಗುಮುರುಗು ಅನ್ನಿಸಬಹುದು. ಆದರೆ ಮಕ್ಕಳ ಮನಸ್ಸಿನಲ್ಲಿ ಕೊನೆಗೆ ಉಳಿಯಬೇಕಾದದ್ದು ಅವರದೇ ವಯಸ್ಸಿನ ಒಬ್ಬ ಹುಡುಗ ಆಡಿದ ಅಂಗಳ. ಈ ಬೀದಿಯನ್ನು ಮೊಮ್ಮಕ್ಕಳಿಗೆ ತೋರಿಸಲು ಹೊರಟಾಗ ನಾನು ಗಟ್ಟಿ ಮಾಡಿಕೊಂಡಿದ್ದು ಇದೊಂದನ್ನೇ.

ಫೆಬ್ರುವರಿ ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಒಂದು ವಾರದ ಆಚರಣೆಯಾಗಿ ಶುರುಮಾಡಿದ್ದು 1976ರಲ್ಲಿ ಇಡೀ ತಿಂಗಳಿಗೆ ಹಬ್ಬಿತು. ಮೊಮ್ಮಗಳಿಗೆ ಆರು ವರ್ಷ, ಅವಳ ತಮ್ಮನಿಗೆ ನಾಲ್ಕು. ಶಾಲೆಯಲ್ಲಿ ಕಿಂಗ್ ಚಿತ್ರಕ್ಕೆ ಬಣ್ಣ ತುಂಬಿ ಬಂದಿದ್ದಳು. ಅವರು ಯಾರು ಎಂದು ಕೇಳಿದರೆ, "ಒಳ್ಳೆಯವರು, ಸತ್ತುಹೋದರು" ಅಂದಳು. ಬಣ್ಣ ತುಂಬುವುದರಲ್ಲಿ ತಪ್ಪೇನಿಲ್ಲ, ಆದರೆ ಅಷ್ಟಕ್ಕೇ ನಿಲ್ಲಬಾರದು.

ಜೆಸ್ಸಿ ಹಿಲ್ ರಸ್ತೆಯ ಮೂಲೆಯಲ್ಲಿ ಕಟ್ಟಡದ ಗೋಡೆ ತುಂಬ ಜಾನ್ ಲೂಯಿಸ್ ನಿಂತಿದ್ದಾರೆ. ಚಿತ್ರದ ಎತ್ತರ 65 ಅಡಿ. ಚಿಕ್ಕವನು ಕತ್ತೆತ್ತಿ ಎತ್ತಿ ಹಿಂದಕ್ಕೆ ಬೀಳುವಂತಾದ. ಅಲಬಾಮಾದ ಹಳ್ಳಿಯೊಂದರಲ್ಲಿ ಬೆಳೆದ ಹುಡುಗ ಲೂಯಿಸ್‌ಗೆ ಮನೆಯ ಕೋಳಿಗಳನ್ನು ನೋಡಿಕೊಳ್ಳುವ ಕೆಲಸವಿತ್ತು. ಪಾದ್ರಿಯಾಗಬೇಕೆಂಬ ಆಸೆಯಲ್ಲಿ ಅವನು ಆ ಕೋಳಿಗಳನ್ನೇ ಕೂರಿಸಿಕೊಂಡು ಪ್ರವಚನ ಮಾಡುತ್ತಿದ್ದ. ಇಬ್ಬರೂ ನಕ್ಕರು. ನಗು ನಿಂತ ಮೇಲೆ ಉಳಿದದ್ದನ್ನು ಹೇಳಿದೆ: ದೊಡ್ಡವನಾದ ಮೇಲೆ, 1965ರ ಮಾರ್ಚ್ 7ರಂದು, ತಮ್ಮ ಜನಕ್ಕೂ ಓಟು ಬೇಕೆಂದು ಸೆಲ್ಮಾ ಊರಿನ ಸೇತುವೆ ದಾಟಿ ನಡೆದಾಗ ಪೊಲೀಸರು ತಲೆ ಒಡೆಯುವಂತೆ ಹೊಡೆದರು, ಅವರು ತಿರುಗಿ ಹೊಡೆಯಲಿಲ್ಲ, ಮುಂದೆ ಇದೇ ಅಟ್ಲಾಂಟಾದ ಜನ ಅವರನ್ನು ಆರಿಸಿ ಸಂಸತ್ತಿಗೆ ಕಳಿಸಿದರು, ಸಾಯುವವರೆಗೆ 33 ವರ್ಷ ಅಲ್ಲಿದ್ದರು. ನಾಲ್ಕು ವರ್ಷದವನಿಗೆ ಕೋಳಿ ಸಾಕು. ಆರು ವರ್ಷದವಳಿಗೆ ಸೇತುವೆಯೂ ಬೇಕು.

ಸ್ವಲ್ಪ ಮುಂದೆ ತಲೆಯ ಮೇಲೆ ಹೆದ್ದಾರಿ ಭೋರ್ಗರೆಯುತ್ತದೆ. ಕಳೆದ ಶತಮಾನದ ಮಧ್ಯದಲ್ಲಿ ಈ ರಸ್ತೆಯನ್ನು ಎಳೆದಾಗ ತುಂಬಿ ತುಳುಕುತ್ತಿದ್ದ ಕಪ್ಪು ಜನರ ಪೇಟೆ ಎರಡು ಹೋಳಾಯಿತು. ಅದರ ಹತ್ತಿರವೇ ಜಾನ್ ವೆಸ್ಲಿ ಡಾಬ್ಸ್ ಅವರ ದೊಡ್ಡ ಕಂಚಿನ ಮುಖವಿದೆ. ಈ ಬೀದಿಗೆ ‘ಸ್ವೀಟ್ ಆಬರ್ನ್’ ಎಂದು ಹೆಸರಿಟ್ಟವರು ಅವರೇ. ಮುಖದ ಹಿಂಬದಿ ಟೊಳ್ಳು. ಒಳಗೆ ನಿಂತರೆ ಡಾಬ್ಸ್ ಅವರ ಕಣ್ಣಿನಿಂದಲೇ ಬೀದಿಯನ್ನು ನೋಡಬಹುದು. ಮಕ್ಕಳನ್ನು ಅಲ್ಲಿಂದ ಕದಲಿಸುವುದೇ ಕಷ್ಟವಾಯಿತು. ಆ ಕಣ್ಣು ಕಂಡ ಬೀದಿ ಎಂಥದ್ದು! ಅಲೊಂಜೊ ಹರ್ನ್‌ಡನ್ 1858ರಲ್ಲಿ ಗುಲಾಮರಾಗಿ ಹುಟ್ಟಿದರು, ಕ್ಷೌರದ ಕೆಲಸ ಮಾಡಿ ಹಣ ಕೂಡಿಸಿದರು, 1905ರಲ್ಲಿ ವಿಮಾ ಕಂಪನಿ ಕಟ್ಟಿದರು. 1928ರಲ್ಲಿ ಇಲ್ಲಿ ಕಪ್ಪು ಜನರದೇ ಒಂದು ಪತ್ರಿಕೆ ಹುಟ್ಟಿತು. ಈ ಚರಿತ್ರೆಯನ್ನು ಬರೀ ಏಟು ತಿಂದವರ ಕಥೆಯಾಗಿ ಕೇಳಿ ಬೆಳೆದ ಮಗು ಪಕ್ಕದಲ್ಲಿ ಕೂರುವ ಗೆಳತಿಯನ್ನು ಕನಿಕರದಿಂದ ನೋಡಲು ಕಲಿಯುತ್ತದೆ. ಕಟ್ಟಿದವರ ಕಥೆಯನ್ನೂ ಕೇಳಿದರೆ ಗೌರವದಿಂದ ನೋಡುತ್ತದೆ.

ಹಿಲಿಯರ್ಡ್ ರಸ್ತೆಯ ಮೂಲೆಯ ಪ್ರಿನ್ಸ್ ಹಾಲ್ ಕಟ್ಟಡದ ಮುಂದೆ ನಿಂತಾಗ ಕಥೆ ತಾನಾಗಿಯೇ ಬಂತು. ಕಪ್ಪು ಜನರೇ ಒಡೆಯರಾಗಿದ್ದ ಅಮೆರಿಕದ ಮೊದಲ ರೇಡಿಯೋ ಕೇಂದ್ರ, 1949ರ ಡಬ್ಲ್ಯುಇಆರ್‌ಡಿ, ಇಲ್ಲಿತ್ತು. ಅದರ ಕೆಳಗೆ ಕಿಂಗ್ ಅವರ ಸಂಘಟನೆಯ ಕಚೇರಿ. ಏನಾದರೂ ಹೇಳಬೇಕಾದಾಗ ಕಿಂಗ್ ಪೊರಕೆ ಕೋಲಿನಿಂದ ಛಾವಣಿಗೆ ತಟ್ಟುತ್ತಿದ್ದರಂತೆ, ಮೇಲಿನವರು ಕಿಟಕಿಯಿಂದ ಮೈಕು ಇಳಿಬಿಡುತ್ತಿದ್ದರಂತೆ. ಅಲ್ಲಿಂದ ಮುಂದೆ ಚಿಕ್ಕವನು ಕೈಗೆ ಸಿಕ್ಕ ಕಡ್ಡಿಯಿಂದ ಎಲ್ಲ ಕಂಬಗಳಿಗೂ ತಟ್ಟುತ್ತಾ ನಡೆದ.

ಎಬೆನೀಜರ್ ಚರ್ಚು ಕೆಂಪು ಇಟ್ಟಿಗೆಯದು. ಕಿಂಗ್ ಅವರ ತಾಯಿಯ ತಂದೆ, ಆಮೇಲೆ ತಂದೆ, ಆಮೇಲೆ ಅವರೇ ಇಲ್ಲಿ ಪಾದ್ರಿಗಳಾಗಿದ್ದರು. ಬೆಂಚಿನ ಮೇಲೆ ಕುಳಿತರೆ ಧ್ವನಿವರ್ಧಕದಲ್ಲಿ ಅವರ ದನಿ ಕೇಳುತ್ತದೆ. ಮಕ್ಕಳಿಗೆ ಇಂಗ್ಲಿಷಿನ ಅರ್ಥ ಪೂರ್ತಿ ಆಗದಿದ್ದರೂ ಆ ಏರಿಳಿತಕ್ಕೆ ಕಾಲು ಆಡಿಸುವುದು ನಿಂತಿತು. 1974ರಲ್ಲಿ ಇದೇ ಚರ್ಚಿನಲ್ಲಿ, ಆರ್ಗನ್ ನುಡಿಸುತ್ತಿದ್ದ ಕಿಂಗ್ ಅವರ ತಾಯಿಯನ್ನು ಒಬ್ಬ ಗುಂಡಿಟ್ಟು ಕೊಂದ. ಅದನ್ನು ಮಕ್ಕಳಿಗೆ ಹೇಳಲಿಲ್ಲ. ಇನ್ನೂ ಕೆಲವು ವರ್ಷ ಅದು ನನ್ನ ಹತ್ತಿರವೇ ಇರಲಿ.

ನನ್ನನ್ನು ಕಾಡಿದ್ದು ಬೇರೆಯದು. 1965ರ ಜುಲೈ 4ರಂದು ಇದೇ ವೇದಿಕೆಯಿಂದ ಕಿಂಗ್ ತಮ್ಮ ಭಾರತ ಪ್ರವಾಸವನ್ನು ನೆನೆದಿದ್ದರು. 1959ರಲ್ಲಿ ತಿರುವನಂತಪುರದ ಶಾಲೆಯೊಂದರಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಮುಂದೆ, ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಎಂದು ಪರಿಚಯಿಸಿದರು. ಮೊದಲು ಕಿಂಗ್‌ಗೆ ಆಘಾತವಾಯಿತು. ಯೋಚಿಸಿದಂತೆ, ಹೌದು, ನಾನೂ ಅದೇ ಎಂದು ಒಪ್ಪಿಕೊಂಡರು. ಅವರಿಗಿಂತ ಮೊದಲೇ ಅವರ ಗುರು ಬೆಂಜಮಿನ್ ಮೇಸ್ ಇಂಥದೇ ಮಾತು ಕೇಳಿದ್ದು ನಮ್ಮ ಮೈಸೂರಿನಲ್ಲಿ. 1937ರ ಆರಂಭದ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಬಂದಿದ್ದ ಮೇಸ್ ಅವರನ್ನು ಅಸ್ಪೃಶ್ಯರ ಶಾಲೆಯೊಂದರ ಮುಖ್ಯೋಪಾಧ್ಯಾಯರು ತಮ್ಮವರೇ ಎಂದು ಮಕ್ಕಳಿಗೆ ತೋರಿಸಿದ್ದರು. ಮೇಸ್ ಆಮೇಲೆ ಇದೇ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು, ಕಿಂಗ್ ಅಲ್ಲಿ ಅವರ ವಿದ್ಯಾರ್ಥಿ. ಹಾಗಾಗಿ ಕನ್ನಡದ ಮನೆಯಲ್ಲಿ ಈ ಚರಿತ್ರೆಯನ್ನು ಬೇರೆಯವರ ಊರಿನ ಕಥೆಯೆಂಬಂತೆ ಹೇಳಿ ಮುಗಿಸಲು ಬರುವುದಿಲ್ಲ. ನಮ್ಮೂರಿನಲ್ಲೂ ಕೆಲವು ಮಕ್ಕಳಿಗೆ ಬಾವಿ ಮುಟ್ಟಲು ಬಿಡುತ್ತಿರಲಿಲ್ಲ ಎಂದು ಮೊಮ್ಮಗಳಿಗೆ ಹೇಳಿದೆ. "ನೀನು ಯಾವ ಕಡೆ ಇದ್ದೆ ಅಜ್ಜಿ?" ಅಂದಳು. "ಮುಟ್ಟಬಹುದಾದವರ ಕಡೆ" ಅಂದೆ. ಅವಳು ಅದನ್ನು ಕೇಳಿಸಿಕೊಂಡು ಸುಮ್ಮನಾದಳು. ನಾನೂ ಮಾತು ಬದಲಿಸಲಿಲ್ಲ.

ಚರ್ಚಿನ ಪಕ್ಕದಲ್ಲಿ ಕೂಸನ್ನು ಆಕಾಶಕ್ಕೆ ಎತ್ತಿ ಹಿಡಿದ ತಂದೆಯ ಕಂಚಿನ ಪ್ರತಿಮೆ, 1990ರದು. ಹುಟ್ಟಿದ ಮಗುವನ್ನು ಆಕಾಶಕ್ಕೆ ತೋರಿಸುವ ಆಫ್ರಿಕದ ಸಂಪ್ರದಾಯ ಅದಕ್ಕೆ ಸ್ಫೂರ್ತಿ. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ಹಾಗೆ ಎಂದಾಗ ಇಬ್ಬರಿಗೂ ತಿಳಿಯಿತು. ಅದರಾಚೆ ನೀಲಿ ನೀರಿನ ಕೊಳ, ನಡುವೆ ಬಿಳಿ ಸಮಾಧಿ, ಪಕ್ಕದಲ್ಲಿ 2006ರಲ್ಲಿ ತೀರಿಕೊಂಡ ಪತ್ನಿ ಕೊರೆಟಾ. ಕಿಂಗ್ ಹೇಗೆ ಸತ್ತರೆಂದು ಕೇಳಿದಾಗ ಸುತ್ತಿಬಳಸಲಿಲ್ಲ: 39ನೇ ವಯಸ್ಸಿನಲ್ಲಿ, 1968ರಲ್ಲಿ, ಒಬ್ಬ ಗುಂಡು ಹೊಡೆದ.

ಎದುರಿನ ರಾಷ್ಟ್ರೀಯ ಉದ್ಯಾನದ ಸಂದರ್ಶಕರ ಕೇಂದ್ರದ ಬಳಿ ಗಾಂಧಿ ನಡೆಯುತ್ತಿದ್ದಾರೆ, ಭಾರತದ ಕೊಡುಗೆ. ಒಳಗೆ ಹೋರಾಟದಲ್ಲಿದ್ದ ಮಕ್ಕಳ ಬಗ್ಗೆಯೇ ಒಂದು ಪ್ರದರ್ಶನವಿದೆ. ಇಳಿಜಾರಾದ ರಸ್ತೆಯಂತೆ ಕಟ್ಟಿದ ಇನ್ನೊಂದು ಕಡೆ ಆಳೆತ್ತರದ ಪ್ರತಿಮೆಗಳು ಮೆರವಣಿಗೆಯಲ್ಲಿ ಸಾಗುತ್ತವೆ. ನಡುವೆ ಸೇರಿ ನಾವೂ ನಡೆಯಬಹುದು. ನನ್ನವರಿಬ್ಬರೂ ಸೇರಿಕೊಂಡರು. ಅಲ್ಲೇ ನಿಂತು ರೂಬಿ ಬ್ರಿಜಸ್ ಕಥೆ ಹೇಳಿದೆ. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಬಿಳಿಯರದಷ್ಟೇ ಆಗಿದ್ದ ಶಾಲೆಗೆ ಕಾವಲಿನವರ ನಡುವೆ ನಡೆದುಹೋದಾಗ ಅವಳಿಗೂ ಆರೇ ವರ್ಷ. ವರ್ಷವಿಡೀ ತರಗತಿಯಲ್ಲಿ ಅವಳೊಬ್ಬಳೇ, ಜೊತೆಗೊಬ್ಬ ಟೀಚರ್. "ಊಟಕ್ಕೂ ಒಬ್ಬಳೇನಾ?" ಎಂಬುದು ಮೊಮ್ಮಗಳ ಮೊದಲ ಪ್ರಶ್ನೆ.

ಬುಲೆವಾರ್ಡ್ ದಾಟಿದರೆ 1894ರ ಅಗ್ನಿಶಾಮಕ ಠಾಣೆ. ಅದನ್ನೂ ದಾಟಿದರೆ 501ನೇ ನಂಬರಿನ ಮನೆ. 1895ರಲ್ಲಿ ಕಟ್ಟಿದ, ಎರಡು ಅಂತಸ್ತಿನ, ಅಗಲ ಜಗುಲಿಯ ಮನೆ. 1929ರ ಜನವರಿ 15ರಂದು ಕಿಂಗ್ ಹುಟ್ಟಿದ್ದು ಇಲ್ಲಿ, 12 ವರ್ಷದವರೆಗೆ ಬೆಳೆದದ್ದೂ ಇಲ್ಲೇ. ನಾವು ಹೋದಾಗ ದುರಸ್ತಿಗೆಂದು ಮುಚ್ಚಿತ್ತು, ಬೀದಿಯಿಂದಲೇ ನೋಡಬೇಕಾಯಿತು. ಮಕ್ಕಳಿಗೆ ಅಷ್ಟು ಸಾಕಾಯಿತು. ಕಿಂಗ್ ಅವರ ಅಕ್ಕ ಕ್ರಿಸ್ಟೀನ್ 2003ರಲ್ಲಿ ಪುಟ್ಟ ಮಕ್ಕಳಿಗಾಗಿ ತಮ್ಮನ ಬಗ್ಗೆ ಒಂದು ಚಿತ್ರಪುಸ್ತಕ ಬರೆದರು. ಅಜ್ಜಿಯ ತುಪ್ಪುಳಿನ ಉಡುಪನ್ನು ಕೋಲಿಗೆ ಕಟ್ಟಿ ಬೇಲಿ ಸಂದಿಯಿಂದ ಹೊರಗೆ ಚಾಚಿ, ಮುಸ್ಸಂಜೆಯಲ್ಲಿ ಹೋಗಿಬರುವವರನ್ನು ಹೆದರಿಸುತ್ತಿದ್ದ ತುಂಟಾಟ ಅದರಲ್ಲಿದೆ.

ಈ ಮನೆಯ ಎದುರಿಗೇ ಒಂದು ಅಂಗಡಿ ಇತ್ತು. ಅಂಗಡಿಯವನು ಬಿಳಿಯ, ಅವನ ಮಗ ಮಾರ್ಟಿನನ ಜೊತೆಗಾರ. ಇಬ್ಬರೂ ಶಾಲೆ ಸೇರುವ ಹೊತ್ತಿಗೆ, ಇನ್ನು ಅವನ ಜೊತೆ ಆಡಬೇಡ ಎಂದು ಆ ಹುಡುಗನ ಅಪ್ಪ ಕಟ್ಟಪ್ಪಣೆ ಮಾಡಿದ. ಮಾರ್ಟಿನ್‌ಗೆ ಆಗ ಸುಮಾರು ಆರು ವರ್ಷ. ಅಂದು ತಾಯಿ ಅವನಿಗೆ ಗುಲಾಮಗಿರಿಯ ಕಥೆಯನ್ನು ಮೊದಲ ಸಲ ಹೇಳಿದರು, ನೀನು ಯಾರಿಗೂ ಕಡಿಮೆಯಲ್ಲ ಎಂದೂ ಹೇಳಿದರು. ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳ ಮುಖ ಕೆಂಪಾಗಿತ್ತು. "ಅವನೇನು ಮಾಡಿದ್ದ ಅಂತ?" ಎಂದು ಸಿಟ್ಟಿನಿಂದಲೇ ಕೇಳಿದಳು. ಕಾನೂನು, ಹಕ್ಕು, ಚಳವಳಿ ಎಂಬ ಮಾತುಗಳನ್ನು ಅವಳು ಮುಂದೆ ಕಲಿಯುತ್ತಾಳೆ. ಅವಕ್ಕೆಲ್ಲ ಬೇಕಾದ ಸಿಟ್ಟು ಆ ಜಗುಲಿಯ ಮುಂದೆಯೇ ಬಂತು.

ಹಿಂದಿರುಗುವಾಗ ಟ್ರಾಮ್ ಹತ್ತಿ ಸ್ವೀಟ್ ಆಬರ್ನ್ ಮಾರುಕಟ್ಟೆಗೆ ಬಂದೆವು. 1924ರ ಕಟ್ಟಡ. ಆಗ ಬಿಳಿಯರು ಒಳಗೆ ಅಂಗಡಿ ಹಾಕಬಹುದಿತ್ತು; ಕಪ್ಪು ರೈತರು, ವ್ಯಾಪಾರಿಗಳು ಹೊರಗಿನ ಫುಟ್‌ಪಾತ್ ಅಂಚಿನಲ್ಲಿ ಮಾರಬೇಕಿತ್ತು. ಈಗ ಒಳಗೆ ಎಲ್ಲರ ಅಂಗಡಿಗಳೂ ಇವೆ. ತಿನ್ನಲು ಕೂತಾಗ ಮೊಮ್ಮಗಳು ಬಾಗಿಲ ಕಡೆ ನೋಡಿ ಕೇಳಿದಳು: "ಮಳೆ ಬಂದರೆ ಅವರ ತರಕಾರಿ ಎಲ್ಲ ಏನಾಗ್ತಿತ್ತು ಅಜ್ಜಿ?" ನೆನೆಯುತ್ತಿತ್ತು ಅಂದೆ. ನೆನೆದರೂ ಮಾರನೆಯ ದಿನ ಮತ್ತೆ ಬಂದು ಅಲ್ಲೇ ಅಂಗಡಿ ಹಾಕುತ್ತಿದ್ದರು ಅಂದೆ.