ಹಿಂಸೆಯ ಮುನ್ಸೂಚನೆ ಸಾಧ್ಯವೆ?

1995ನೆಯ ಇಸವಿಯ ಸೆಪ್ಟೆಂಬರ್ 19ರಂದು ಅಮೆರಿಕದ ‘ವಾಷಿಂಗ್‌ಟನ್ ಪೋಸ್ಟ್’ ಪತ್ರಿಕೆ ಸುಮಾರು 35,000 ಪದಗಳ ಒಂದು ಪ್ರಬಂಧವನ್ನು ಅಚ್ಚುಮಾಡಿತು. ಬರೆದವನ ಹೆಸರು ಯಾರಿಗೂ ತಿಳಿಯದು. 1978ರಿಂದ 16 ಬಾಂಬುಗಳನ್ನು ಕಳುಹಿಸಿಯೋ ಇಟ್ಟೋ ಮೂವರನ್ನು ಕೊಂದು, 23 ಮಂದಿಯನ್ನು ಗಾಯಗೊಳಿಸಿದ್ದವನು ಅವನೇ ಎಂಬುದಷ್ಟೇ ಗೊತ್ತಿದ್ದ ಸಂಗತಿ. ಹದಿನೇಳು ವರ್ಷ ಪೊಲೀಸರಿಗೆ ಸಿಕ್ಕದಿದ್ದ ಸುಳಿವು ಒಂದು ಮನೆಯೊಳಗೆ ಸಿಕ್ಕಿತು. ಡೇವಿಡ್ ಕಜಿನ್ಸ್ಕಿಯ ಪತ್ನಿಗೆ ಮೊದಲು ಸಂಶಯ ಬಂದಿತು. ಓದಿ ನೋಡಲು, ಆ ಬರಹದ ವಿಚಾರವೂ ಧಾಟಿಯೂ ಡೇವಿಡ್‌ಗೆ ತನ್ನ ಅಣ್ಣ ಟೆಡ್‌ನ ಹಳೆಯ ಪತ್ರಗಳನ್ನು ನೆನಪಿಗೆ ತಂದವು. ಟೆಡ್ ಒಂದು ಕಾಲಕ್ಕೆ ಬರ್ಕ್ಲಿಯಲ್ಲಿ ಗಣಿತದ ಅಧ್ಯಾಪಕನಾಗಿದ್ದವನು! ಈ ಮಾತನ್ನು ನನ್ನ ವಿದ್ಯಾರ್ಥಿಗಳು ಒಂದೇ ಸಲಕ್ಕೆ ನಂಬುವುದಿಲ್ಲ.

ಇಂಥವರನ್ನು ಮೊದಲೇ ಗುರುತಿಸುವ ಪರೀಕ್ಷೆಯೊಂದನ್ನು ಏಕೆ ಕಂಡುಹಿಡಿಯಬಾರದು? ಲೆಕ್ಕಮಾಡಿ ನೋಡೋಣ. ಹತ್ತು ಲಕ್ಷ ಜನರಲ್ಲಿ ಹತ್ತು ಮಂದಿ ಹಿಂಸೆಗೆ ಇಳಿಯುವವರೆಂದು ಊಹಿಸಿಕೊಳ್ಳಿರಿ. ನಮ್ಮ ಪರೀಕ್ಷೆ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾದ ಉತ್ತರವನ್ನೇ ಕೊಡಲಿ. ಆ ಹತ್ತು ಮಂದಿ ಹೆಚ್ಚುಕಡಮೆ ಎಲ್ಲರೂ ಸಿಕ್ಕಿಬೀಳುವರು, ನಿಜ. ಆದರೆ ಉಳಿದವರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 10,000 ಮಂದಿ ನಿರಪರಾಧಿಗಳೂ ಅದೇ ಪಟ್ಟಿಗೆ ಸೇರುವರು. ಪಟ್ಟಿಯಲ್ಲಿ ಸಾವಿರಕ್ಕೆ ಒಬ್ಬನು ಮಾತ್ರ ನಿಜವಾದ ಅಪಾಯಕಾರಿ! ದೋಷ ಪರೀಕ್ಷೆಯದಲ್ಲ, ಹುಡುಕುವ ವಸ್ತುವಿನ ವಿರಳತೆಯದು. ಕೋಪ, ನಿರುದ್ಯೋಗ, ಅವಮಾನಗಳೆಂಬ ಗುರುತುಗಳಂತೂ ನೂರಕ್ಕೆ ತೊಂಬತ್ತೊಂಬತ್ತರ ಹತ್ತಿರಕ್ಕೂ ಬರಲಾರವು. ಅವು ಲಕ್ಷಾಂತರ ಸಾಧುಜೀವಿಗಳಲ್ಲಿಯೂ ಉಂಟು.

ಒಂಟಿಯಾಗಿ ಭಯೋತ್ಪಾದನೆಗೆ ಇಳಿದ 119 ಮಂದಿಯ ಚರಿತ್ರೆಯನ್ನು ಪಾಲ್ ಗಿಲ್, ಜಾನ್ ಹೋರ್ಗನ್, ಪೇಜ್ ಡೆಕರ್ಟ್ ಎಂಬ ಸಂಶೋಧಕರು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಅವರೆಲ್ಲರಿಗೂ ಹೊಂದುವ ಒಂದೇ ಅಚ್ಚು ದೊರೆಯಲಿಲ್ಲ. ದೊರೆತುದು ಬೇರೊಂದು. ನೂರರಲ್ಲಿ ಸುಮಾರು 64 ಪ್ರಕರಣಗಳಲ್ಲಿ ಅವರ ಉದ್ದೇಶ ಮನೆಯವರಿಗೋ ಗೆಳೆಯರಿಗೋ ಮೊದಲೇ ತಿಳಿದಿದ್ದಿತು. ಅಪರಾಧಿಯೇ ಬಾಯಿಬಿಟ್ಟು ಹೇಳಿದ್ದನು!

ಹಾಗಾದರೆ ಕೇಳಿದವರು ಸುಮ್ಮನಿದ್ದುದೇಕೆ? ಮೇರಿಲೆಂಡ್ ರಾಜ್ಯದಲ್ಲಿ ನಡೆದ ಒಂದು ಅಧ್ಯಯನ ಇದನ್ನು ಸ್ವಲ್ಪಮಟ್ಟಿಗೆ ಬಿಡಿಸಿದೆ. ಬದಲಾವಣೆಯನ್ನು ಮೊದಲು ಕಾಣಬಲ್ಲವರು ಗೆಳೆಯರು. ಆದರೆ ಗೆಳೆಯನಿಗೂ ತಮಗೂ ಏನು ಕೇಡಾದೀತೋ ಎಂಬ ಭಯ ಅವರ ಬಾಯಿ ಕಟ್ಟುತ್ತದೆ. ನಾರ್ವೆಯಲ್ಲಿ 1997ರಲ್ಲಿ ಆರಂಭವಾದ ‘ಎಕ್ಸಿಟ್’ ಯೋಜನೆ ಈ ಕಾರಣದಿಂದಲೇ ನನಗೆ ಮೆಚ್ಚುಗೆಯಾಗಿದೆ. ಹಿಂಸಾವಾದಿ ಗುಂಪುಗಳಿಗೆ ಸೇರಿದ ತರುಣರ ತಂದೆತಾಯಿಗಳನ್ನು ಅದು ಒಂದೆಡೆ ಸೇರಿಸಿ, ಪರಸ್ಪರ ನೆರವಾಗುವಂತೆ ಮಾಡಿತು.

ಡೇವಿಡ್‌ಗೂ ಭಯವಿದ್ದಿತು. ಅಣ್ಣನಿಗೆ ಮರಣದಂಡನೆಯಾದೀತೆಂದು ಅಳುಕುತ್ತಲೇ ವಕೀಲನೊಬ್ಬನ ಮೂಲಕ ಅವನು ಸುದ್ದಿ ಮುಟ್ಟಿಸಿದನು. 1996ರ ಏಪ್ರಿಲ್ 3ರಂದು ಟೆಡ್ ಮೊಂಟಾನಾದ ತನ್ನ ಗುಡಿಸಲಿನಲ್ಲಿ ಸೆರೆಸಿಕ್ಕಿದನು. ಸರಕಾರ ಮೊದಲು ಮರಣದಂಡನೆಯನ್ನೇ ಕೇಳಿತು. 1998ರಲ್ಲಿ ತಪ್ಪೊಪ್ಪಿಕೊಂಡ ಮೇಲೆ ಅದು ಜೀವಾವಧಿ ಸೆರೆವಾಸವಾಯಿತು.